ಬಿದ್ದ ಬೋರ್ಡಿನ ಮೇಲೆ ಬೋರಲು ಲೋಟ

ನನ್ನ ಮಗಳ ಮಗಳು ಚೈತ್ರ ಹೋದ ಸೋಮವಾರ ಕೆಲಸಕ್ಕೆ ಸೇರಿದಳು. ನಮ್ಮ ಮಾಕಳಿಯಲ್ಲಿ ಈ ಸುದ್ದಿ ಹೇಳದೆ ನಾನು ಬಿಟ್ಟ ಮನೆಯಿಲ್ಲ. ಹಾಲಿನವನಿಗೆ ಹೇಳಿದೆ, ಸೊಪ್ಪಿನವಳಿಗೆ ಹೇಳಿದೆ, ಗ್ಯಾಸ್ ಸಿಲಿಂಡರ್ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಹೇಳಿದೆ. ಅವನು ಸಿಲಿಂಡರ್ ಕೆಳಗಿಳಿಸಿ, "ಏನ್ ಕೆಲ್ಸ ಅಜ್ಜಿ?" ಅಂದ.

"ಕಂಪ್ಯೂಟರ್ ಒಳಗಡೆ ಕರ್ನಲ್ ಅಂತ ಒಂದಿರ್ತದೆ ಕಣಪ್ಪ. ಅದು ಬಿದ್ದೋದ್ರೆ ಯಾಕ್ ಬಿತ್ತು ಅಂತ ಕಂಡುಹಿಡಿದು ಸರಿ ಮಾಡೋ ಕೆಲ್ಸ."

"ನಿಮಗೆ ಇದೆಲ್ಲ ಹೆಂಗ್ ಗೊತ್ತು?" ಎಂದು ಅವನು ನನ್ನ ಮುಖ ನೋಡಿದ.

ನನಗೆ ಗೊತ್ತಿಲ್ಲದೆ ಏನು? ಪೀಣ್ಯದಲ್ಲಿ ಹದಿನಾರು ವರ್ಷ ಅದೇ ಕೆಲಸದ ಪಕ್ಕದಲ್ಲಿ ಕೂತವಳು ನಾನು. ಸಂಜೆ ಇದನ್ನೆಲ್ಲ ಕೇಳಿದ ಚೈತ್ರ ನಕ್ಕು ನಕ್ಕು, "ಅಜ್ಜಿ, ಬಾಯಲ್ಲಿ ಹೇಳ್ತಾ ಇದ್ರೆ ಗ್ಯಾಸಿನವನಿಗೇ ಮುಗಿದೋಗುತ್ತೆ. ಬರೆದಿಡು. ನಮ್ಮಲ್ಲಿ ಹೊಸದಾಗಿ ಸೇರಿರೋರು ಆರು ಜನ ಇದ್ದೀವಿ, ಎಲ್ರೂ ಓದ್ತೀವಿ" ಎಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ತಪ್ಪಿದರೆ ಅವಳು ತಿದ್ದುತ್ತಾಳೆ. ವಿಷಯ ತಪ್ಪಿದರೆ ಮಾತ್ರ ಯಾರೂ ತಿದ್ದಬೇಕಿಲ್ಲ, ಏಕೆಂದರೆ ಇದರಲ್ಲಿ ಬರುವ ತಪ್ಪುಗಳಲ್ಲಿ ಹೆಚ್ಚಿನವು ನಾನೇ ಕೈಯಾರೆ ಮಾಡಿದವು.

ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮೊದಲು ಸೇರಿದ್ದು ಪೀಣ್ಯದ ಒಂದು ವೈರಿಂಗ್ ಶೆಡ್ಡಿಗೆ. ತಗಡಿನ ಸೂರು, ಉದ್ದ ಬೆಂಚು, ಹದಿನೈದು ಹೆಂಗಸರು. ಮೋಟಾರು ಪ್ಯಾನೆಲ್ಲುಗಳಿಗೆ ಹೋಗುವ ವೈರುಗಳ ತುದಿಗೆ ಕನೆಕ್ಟರ್ ಹಾಕಿ, ಅದನ್ನು ಅದರ ಜೋಡಿಯೊಳಗೆ ಕೂರಿಸುವುದು ನಮ್ಮ ಕೆಲಸ. ಅಲ್ಲಿ ಸೂಪರ್‌ವೈಸರಾಗಿದ್ದವರು ಮುನಿಯಪ್ಪನವರು. ಅವರು ಕೆಲಸವನ್ನು ಕಣ್ಣಿಂದ ನೋಡುತ್ತಿರಲಿಲ್ಲ, ಕಿವಿಯಿಂದ ಕೇಳುತ್ತಿದ್ದರು.

"ಕಂಡ್ರೆ ಸಾಲದು ಕಣಮ್ಮ. ಒತ್ತು. ಒಂದ್ ಕೂದಲೆಳೆ ಹಿಂದಕ್ಕೆ ಎಳಿ. ತಿರ್ಗಾ ಒತ್ತು. ಎರಡು ಸಲ ಟಕ್ ಅಂದ್ರೆ ಕೂತಿದೆ ಅಂತ ಲೆಕ್ಕ."

ಒಂದೇ ಟಕ್ ಕೇಳಿಸಿದರೆ ಸದ್ದಿಲ್ಲದೆ ಬಂದು ಹಿಂದೆ ನಿಲ್ಲುತ್ತಿದ್ದರು. ಅವರು ಹಿಂದೆ ನಿಂತರೆ ಬೆನ್ನು ಬೆವರುತ್ತಿತ್ತು. ಒಂಬತ್ತು ವರ್ಷ ಹಾಗೆ ಕೆಲಸ ಮಾಡಿದ ಮೇಲೆ ನನ್ನ ಕೈ ಅದನ್ನು ತಾನೇ ಮಾಡುತ್ತಿತ್ತು. ನನಗೆ ಹೇಳಿ ಮಾಡುತ್ತಿರಲಿಲ್ಲ.

ಶೆಡ್ಡು ಮುಚ್ಚಿದಾಗ ಪಕ್ಕದ ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಆಸ್ಪತ್ರೆಗಳಿಗೆ ಮಾನಿಟರ್ ಪೆಟ್ಟಿಗೆ ಮಾಡುತ್ತಿದ್ದರು. ರೋಗಿಯ ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸುತ್ತಾರಲ್ಲ, ಉಸಿರು ಸರಿಯಾಗಿದೆಯೋ ಇಲ್ಲವೋ ಎಂದು ಪರದೆಯ ಮೇಲೆ ಸಂಖ್ಯೆ ಬರುತ್ತದಲ್ಲ, ಅದು. ಕೆಳಗೆ ಜೋಡಣೆ, ಪ್ಯಾಕಿಂಗು. ಮಹಡಿಯ ಮೇಲೆ ಎಂಜಿನಿಯರುಗಳು. ಎಂಜಿನಿಯರುಗಳ ಪಕ್ಕದ ಕೋಣೆಯಲ್ಲಿ ಒಂದು ಉದ್ದ ಮೇಜು, ಮೇಜಿನ ಮೇಲೆ ಪೆಟ್ಟಿಗೆಯಿಂದ ಬಿಚ್ಚಿಟ್ಟ ಹನ್ನೆರಡು ಬೋರ್ಡು, ಪ್ರತಿ ಬೋರ್ಡಿನ ಮುಂದೆ ಒಂದು ಕೆಂಪು ಸ್ವಿಚ್ಚು. ಅದು ನನ್ನ ಜಾಗ.

ಕೆಲಸ ಹೇಳಿದರೆ ನಗು ಬರುತ್ತದೆ. ಆನ್ ಮಾಡು, ಆಫ್ ಮಾಡು. ಕ್ಲಿಪ್ಪಿನ ವೈರು ಹಾಕು, ಕೀಳು. ಬೆರಳಿಗೆ ಸಿಕ್ಕಿಸು, ಸಂಖ್ಯೆ ಬಂತೇ ನೋಡು. ಬೋರ್ಡು ಬಿದ್ದರೆ ಪುಸ್ತಕದಲ್ಲಿ ಬರೆದಿಡು. ಬೀಳುವುದೆಂದರೆ ನೆಲಕ್ಕೆ ಬೀಳುವುದಲ್ಲ. ಕರ್ನಲ್ ಎಂಬುದು ಯಂತ್ರದ ಎಲ್ಲ ಪ್ರೋಗ್ರಾಮುಗಳ ಅಡಿಯಲ್ಲಿ ಕೂತು, ಯಾರಿಗೆ ಯಾವ ಜಾಗ, ಯಾರಿಗೆ ಯಾವ ವೈರು ಎಂದು ಹಂಚಿಕೊಡುವ ಪ್ರೋಗ್ರಾಮು. ಮೇಲಿನ ಪ್ರೋಗ್ರಾಂ ಬಿದ್ದರೆ ಅದೊಂದೇ ಬೀಳುತ್ತದೆ. ಕರ್ನಲ್ ಬಿದ್ದರೆ ಇಡೀ ಪೆಟ್ಟಿಗೆ ನಿಂತು, ಪಕ್ಕದ ಪರದೆಯಲ್ಲಿ ಕಪ್ಪಿನ ಮೇಲೆ ಬಿಳಿ ಅಕ್ಷರಗಳು ದಡದಡ ಇಳಿದು ಒಂದು ಕಡೆ ನಿಂತುಬಿಡುತ್ತವೆ.

ನನ್ನ ಮುಂದೆ ಮೊದಲ ಸಲ ಬೋರ್ಡು ಬಿದ್ದ ದಿನ ನಾನು ಏನು ಮಾಡಿದೆ ಗೊತ್ತೇ? ಯಾರಾದರೂ ನೋಡುವ ಮುಂಚೆ ಸ್ವಿಚ್ಚು ಆರಿಸಿ ಮತ್ತೆ ಹಾಕಿದೆ. ಚೆಲ್ಲಿದ ಹಾಲನ್ನು ಅತ್ತೆ ಬರುವ ಮುಂಚೆ ಒರೆಸಿದ ಹಾಗೆ. ಬಿಳಿ ಅಕ್ಷರಗಳೆಲ್ಲ ಮಾಯವಾದವು. ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಎಂಜಿನಿಯರ್ ಬಸವರಾಜು ಒಳಗೆ ಬಂದರು. ದಾವಣಗೆರೆ ಕಡೆಯವರು, ನನ್ನ ತಮ್ಮನ ವಯಸ್ಸು, ಯಾವಾಗಲೂ ಕಿವಿಯ ಹಿಂದೆ ಪೆನ್ಸಿಲ್ಲು.

"ಈಗ ಬಿತ್ತಲ್ರೀ? ಆ ಕಡೆಯಿಂದ ನೋಡಿದೆ ನಾನು. ಎಲ್ಲಿ ಅಕ್ಷರ?"

"ಆರಿಸಿ ಹಾಕ್ದೆ ಸಾರ್. ಈಗ ಚೆನ್ನಾಗೈತೆ."

ಅವರು ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡರು. "ಅಯ್ಯೋ ಜಯಕ್ಕ! ಪೋಸ್ಟ್‌ಮಾರ್ಟಂಗೆ ಮುಂಚೆನೇ ಹೆಣ ಎತ್ತಿಬಿಟ್ರಲ್ರೀ!"

ಬೋರ್ಡು ಎಲ್ಲಿ ಬಿತ್ತು, ಬೀಳುವಾಗ ಯಾವ ಕೆಲಸ ಮಾಡುತ್ತಿತ್ತು, ಆ ಕೆಲಸ ಹೇಳಿದವರು ಯಾರು ಎಂಬುದೆಲ್ಲ ಆ ಬಿಳಿ ಅಕ್ಷರಗಳಲ್ಲೇ ಇರುತ್ತದಂತೆ. ನಾನು ಅದನ್ನೇ ಒರೆಸಿಹಾಕಿದ್ದೆ. ಬೈಯಲಿಲ್ಲ ಅವರು. ಆದರೆ ಆ ದಿನವಿಡೀ ಪೆನ್ಸಿಲ್ಲು ಕಚ್ಚುತ್ತ, ಮತ್ತೆ ಬೀಳಲಿ ಎಂದು ಆ ಬೋರ್ಡಿನ ಮುಂದೆ ಕಾದು ಕೂತಿದ್ದರು. ಅದು ಬೀಳಲಿಲ್ಲ.

ಮಾರನೇ ದಿನ ಮನೆಯಿಂದ ಒಂದು ಸ್ಟೀಲ್ ಲೋಟ ತಂದೆ. ಬೋರ್ಡು ಬಿದ್ದರೆ ಅದರ ಸ್ವಿಚ್ಚಿನ ಮೇಲೆ ಲೋಟ ಬೋರಲು ಹಾಕುವುದು, ಆಮೇಲೆ ಬಸವರಾಜುವನ್ನು ಕರೆಯುವುದು. ಲೋಟ ಇದ್ದರೆ ನನ್ನ ಕೈಯೂ ಹೋಗುವುದಿಲ್ಲ, ಕಸ ಗುಡಿಸಲು ಬಂದವರ ಕೈಯೂ ಹೋಗುವುದಿಲ್ಲ. ಎಂಜಿನಿಯರುಗಳು ಮೊದಲು ನಕ್ಕರು. ತಿಂಗಳೊಳಗೆ ಕ್ಯಾಂಟೀನಿನ ಲೋಟಗಳೆಲ್ಲ ಮೇಲೆ ಬಂದು, ಕ್ಯಾಂಟೀನಿನವರು ಮೆಟ್ಟಿಲ ಹತ್ತಿರ ನಿಂತು ಕೂಗಾಡಿದರು. ಮಕ್ಕಳೇ, ಈ ಕೆಲಸದಲ್ಲಿ ಮೊದಲು ಕಲಿಯಬೇಕಾದ್ದು ಇದು: ಬಿದ್ದದ್ದನ್ನು ಎಬ್ಬಿಸುವ ಆತುರ ಬೇಡ.

ನಲ್ ಪಾಯಿಂಟರ್ ಎಂಬ ಹೆಸರನ್ನು ನಾನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. ಒಂದು ದಿನ ಟೀ ಕುಡಿಯುವಾಗ ಬಸವರಾಜುವನ್ನೇ ಕೇಳಿದೆ. ಅವರು ಒಂದು ಚೀಟಿ ಹರಿದು ನನ್ನ ಕೈಗೆ ಕೊಟ್ಟರು.

"ಈ ಚೀಟಿನೇ ಪಾಯಿಂಟರ್ ಅನ್ಕೊಳ್ರಿ ಜಯಕ್ಕ. ಇದರೊಳಗೆ ಸಾಮಾನು ಇಲ್ಲ. ಸಾಮಾನು ಎಲ್ಲೈತಿ ಅನ್ನೋ ವಿಳಾಸ ಇರತೈತಿ, ಅಷ್ಟೇ. ಈಗ ಚೀಟಿ ನೋಡ್ರಿ."

"ಖಾಲಿ ಐತಲ್ಲ ಸಾರ್."

"ಅದೇ ನಲ್. ಖಾಲಿ ಚೀಟಿ ತಪ್ಪಲ್ಲ. ಖಾಲಿ ಚೀಟಿ ಹಿಡ್ಕಂಡು ಸಾಮಾನು ತರಾಕೆ ಹೊಂಟ್ರೆ ತಪ್ಪು. ನೀವಾದ್ರೆ ದಾರಿಯಾಗ ಯಾರನ್ನಾದ್ರೂ ಕೇಳ್ತೀರಿ. ಕರ್ನಲ್ ಯಾರನ್ನ ಕೇಳಬೇಕ್ರಿ? ನಿಂತಲ್ಲೇ ಬೀಳತೈತಿ."

ನನಗೆ ಅರ್ಥವಾಯಿತು. ಅದಾದ ಮೇಲೆ ಬೇಗನೆ ಒಂದು ಉದಾಹರಣೆಯೂ ಸಿಕ್ಕಿತು. ಒರೆಸುವುದಕ್ಕೆಂದು ಒಂದು ಬೋರ್ಡಿನ ಬ್ಯಾಟರಿ ತೆಗೆದಿಟ್ಟವಳು ಮರೆತು ಹಾಗೇ ಆನ್ ಮಾಡಿದೆ. ಆನ್ ಆಗುತ್ತಲೇ ಬಿತ್ತು. ಲೋಟ ಹಾಕಿದೆ. ಬಸವರಾಜು ಬಂದು ಅಕ್ಷರ ಓದಿ ಕುಣಿದುಬಿಟ್ಟರು. ಬ್ಯಾಟರಿ ಇದ್ದೇ ಇರುತ್ತದೆ ಎಂದು ನಂಬಿ ಯಾರೋ ಬರೆದಿದ್ದರಂತೆ. "ಮೊದಲು ಇದೆಯೋ ಇಲ್ಲವೋ ಕೇಳು, ಇಲ್ಲದಿದ್ದರೆ ಸುಮ್ಮನೆ ವಾಪಸ್ ಬಾ" ಎಂದು ಎರಡು ಸಾಲು ಸೇರಿಸಿದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಸರಿಹೋಯಿತು. ಬ್ಯಾಟರಿ ಮರೆತ ನನಗೆ ಎಲ್ಲರೂ ಶಹಬ್ಬಾಸ್ ಅಂದರು! ಮರೆತದ್ದಕ್ಕೆ ಹೊಗಳುವ ಕೆಲಸ ಇನ್ನೆಲ್ಲಿದೆ?

ಈಗ ದೊಡ್ಡ ಪ್ರಕರಣಕ್ಕೆ ಬರುತ್ತೇನೆ. ಚೈತ್ರ ಇದನ್ನು ಬರೆ ಎಂದು ಎರಡು ಸಲ ಹೇಳಿದ್ದಾಳೆ.

ಹೊಸ ಮಾದರಿಯ ಪೆಟ್ಟಿಗೆ ತಯಾರಾಗಿತ್ತು. ಹತ್ತು ದಿನದಲ್ಲಿ ಮೊದಲ ಕಂತು ಆಸ್ಪತ್ರೆಗಳಿಗೆ ಹೋಗಬೇಕು. ಆಗ ಶುರುವಾಯಿತು. ಕ್ಲಿಪ್ಪಿನ ವೈರು ಹಾಕಿದಾಗ ಬೋರ್ಡು ಬೀಳುವುದು. ಪ್ರತಿ ಸಲ ಅಲ್ಲ, ಯಾವಾಗಲೋ ಒಮ್ಮೆ. ಅಕ್ಷರ ಓದಿದರೆ ಖಾಲಿ ಚೀಟಿಯೇ. ಆದರೆ ಬಸವರಾಜು ಬಂದು ತಾವೇ ವೈರು ಹಾಕಿದರೆ ಬೀಳುತ್ತಿರಲಿಲ್ಲ. ಬೇರೆ ಎಂಜಿನಿಯರುಗಳು ಹಾಕಿದರೂ ಬೀಳುತ್ತಿರಲಿಲ್ಲ. ನಾನು ಹಾಕಿದರೆ ಮಾತ್ರ ಬೀಳುತ್ತಿತ್ತು.

ನಮ್ಮ ವಿಭಾಗದ ಮೇಲಧಿಕಾರಿ ಪ್ರಸಾದ್ ಸಾರ್. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ಮೇಜಿನ ಮೇಲೆ ಎರಡು ಬೆರಳಿಟ್ಟು ಯೋಚನೆ ಮಾಡುವುದು ಅವರ ಅಭ್ಯಾಸ. ಅವರು ಮೊದಲು ನನ್ನ ಸೀರೆ ನೋಡಿದರು.

"ನೈಲಾನ್ ಸೀರೆನಾ? ಸ್ಟ್ಯಾಟಿಕ್ ಇರ್ಬೇಕು."

ಬಟ್ಟೆ ಉಜ್ಜಿದಾಗ ಹುಟ್ಟುವ ಸಣ್ಣ ಕರೆಂಟು ಬೋರ್ಡಿಗೆ ತಾಗುತ್ತದಂತೆ. ಮಾರನೇ ದಿನದಿಂದ ಹತ್ತಿಯ ಸೀರೆ, ಅದರ ಮೇಲೆ ನೀಲಿ ಕೋಟು, ಆ ಕರೆಂಟು ನೆಲಕ್ಕೆ ಇಳಿಯಲು ಮಣಿಕಟ್ಟಿಗೆ ವೈರಿನ ಪಟ್ಟಿ. ಬೋರ್ಡು ಬಿತ್ತು. ಬಳೆ ತಾಗುತ್ತಿರಬಹುದು ಎಂದರು. ಬಳೆಗಳನ್ನು ಮೊಳಕೈವರೆಗೆ ಏರಿಸಿ ಕರ್ಚೀಫು ಕಟ್ಟಿಕೊಂಡೆ. ಬೋರ್ಡು ಬಿತ್ತು. ಊಟದ ಹೊತ್ತಿನಲ್ಲಿ ಕೆಳಗಿನವರು ತಮಾಷೆ ಶುರು ಮಾಡಿದರು. "ಜಯಕ್ಕ, ನನ್ನ ಮೊಬೈಲ್ ಮುಟ್ಬೇಡ ಮಾರಾಯ್ತಿ, ಇನ್ನೂ ಕಂತು ಮುಗಿದಿಲ್ಲ!" ನಾನೂ ನಕ್ಕೆ. ನಗುವುದು ಬಿಟ್ಟು ಇನ್ನೇನು ಮಾಡುವುದು?

ಆಮೇಲೆ ಒಂದು ಯಂತ್ರ ತಂದರು. ವೈರು ಹಾಕಿದ ಹಾಗೆ, ಕಿತ್ತ ಹಾಗೆ ತಾನೇ ಮಾಡುವ ಯಂತ್ರ. ಎರಡು ದಿನ ಬಿಡದೆ ಟಿಕ್ ಟಿಕ್ ಎಂದಿತು. ಒಂದು ಬೋರ್ಡೂ ಬೀಳಲಿಲ್ಲ.

ಶುಕ್ರವಾರ ಸಂಜೆ ಪ್ರಸಾದ್ ಸಾರ್ ಮೇಜಿನ ಮೇಲೆ ಎರಡು ಬೆರಳಿಟ್ಟರು. "ಕೋಡ್‌ನಲ್ಲಿ ತೊಂದ್ರೆ ಕಾಣ್ತಿಲ್ಲ ಜಯಮ್ಮ. ಬಹುಶಃ ನಿಮ್ಮ ಕೈ ಸ್ವಲ್ಪ ಒರಟು. ಸೋಮವಾರದಿಂದ ಪ್ಯಾಕಿಂಗ್‌ಗೆ ಹೋಗಿ. ನಾಳೆ ಶಬಾನಾಗೆ ಕೆಲಸ ಹೇಳಿಕೊಡಿ."

ಪ್ಯಾಕಿಂಗು ಕೀಳು ಕೆಲಸವೇನಲ್ಲ. ಸಂಬಳವೂ ಅಷ್ಟೇ. ಆದರೆ ಕೈ ಸರಿಯಿಲ್ಲ ಎಂದು ಕೆಳಗೆ ಕಳಿಸಿದ್ದು ನನ್ನನ್ನು. ಮುನಿಯಪ್ಪನವರ ಬೆಂಚಿನಲ್ಲಿ ಒಂಬತ್ತು ವರ್ಷ ಒಂದು ವೈರೂ ವಾಪಸ್ ಬರದ ಕೈ ಇದು. ಬಸ್ಸಿನಲ್ಲಿ ಮಾಕಳಿಯವರೆಗೂ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಂದೆ.

ಶನಿವಾರ ಬೆಳಗ್ಗೆ ಶಬಾನಾ ಮೇಲೆ ಬಂದಳು. ಜೋಡಣೆಯಲ್ಲಿದ್ದವಳು, ಚುರುಕು. ಮೇಲೆ ಕೆಲಸ ಸಿಕ್ಕಿತು ಎಂಬ ಖುಷಿಗೂ, ನನ್ನ ಜಾಗ ಎಂಬ ಸಂಕೋಚಕ್ಕೂ ನಡುವೆ ಸಿಕ್ಕಿ ಅವಳ ಮುಖ ಒಂಥರಾ ಆಗಿತ್ತು.

"ಅಕ್ಕ, ನಾನು ಕೇಳಿ ತಗೊಂಡಿದ್ದಲ್ಲ."

"ಗೊತ್ತು ಕಣೆ, ಬಾ, ಕೂತ್ಕೊ" ಎಂದೆ. ಮನಸ್ಸಿನಲ್ಲಿ ಏನಿದ್ದರೂ ಹೇಳಿಕೊಡುವಾಗ ಪೂರ್ತಿ ಹೇಳಿಕೊಡಬೇಕು. ಸ್ವಿಚ್ಚು ತೋರಿಸಿದೆ, ಪುಸ್ತಕ ತೋರಿಸಿದೆ, ಲೋಟ ತೋರಿಸಿದೆ. ಆಮೇಲೆ ವೈರು ಅವಳ ಕೈಗೆ ಕೊಟ್ಟೆ. ಅವಳು ಒಂದೇ ಸಲ ಒತ್ತಿ ಕೈ ತೆಗೆದಳು.

"ಅಂಗಲ್ಲ. ಒತ್ತು. ಒಂದ್ ಕೂದಲೆಳೆ ಹಿಂದಕ್ಕೆ ಎಳಿ. ತಿರ್ಗಾ ಒತ್ತು. ಎರಡು ಟಕ್ ಕೇಳಿಸ್ಬೇಕು."

ಅವಳು ಹಾಗೇ ಮಾಡಿದಳು. ಒಮ್ಮೆ, ಎರಡು ಸಲ. ಐದನೆಯದೋ ಆರನೆಯದೋ ಸಲ ಬಿಳಿ ಅಕ್ಷರಗಳು ದಡದಡ ಇಳಿದವು.

"ಅಲ್ಲಾ! ಅಕ್ಕ, ನಾನೇನೂ ಮಾಡಿಲ್ಲ, ಕಸಂ! ನೀವು ಹೇಳಿದ್ದೇ ಮಾಡ್ದೆ!"

ಲೋಟ ಎತ್ತಿಕೊಂಡ ನನ್ನ ಕೈ ಹಾಗೇ ನಿಂತಿತು. ನೀವು ಹೇಳಿದ್ದೇ ಮಾಡ್ದೆ. ಹೌದಲ್ಲ. ಬಾಯಿಬಿಟ್ಟು ಹೇಳುವವರೆಗೆ ನನಗೇ ತಿಳಿದಿರಲಿಲ್ಲ. "ವೈರು ಹೇಗೆ ಹಾಕ್ತೀರಿ?" ಎಂದು ಬಸವರಾಜು ಎಷ್ಟೋ ಸಲ ಕೇಳಿದ್ದರು. "ಹಾಕ್ತೀನಿ ಸಾರ್" ಎಂದಷ್ಟೇ ಹೇಳುತ್ತಿದ್ದೆ. ಪುಸ್ತಕದಲ್ಲೂ "ವೈರು ಹಾಕಿದೆ, ಬಿತ್ತು" ಎಂದೇ ಬರೆದಿದ್ದೆ. ಅನ್ನ ಹೇಗೆ ನುಂಗುತ್ತೀರಿ ಎಂದರೆ ಏನು ಹೇಳುವುದು?

ಲೋಟವನ್ನು ಸ್ವಿಚ್ಚಿನ ಮೇಲೆ ಬೋರಲು ಹಾಕಿದೆ. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ಸೇರಿದ ದಿನ ಅದರ ನಕಲಿಗೆ ನಾನು ಸಹಿ ಹಾಕಿದ್ದೆ. ವೈರನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಬೇಕು, ಅಲುಗಿಸಬಾರದು ಎಂದು ಅದರಲ್ಲಿದೆ ಎಂದು ಯಾರೋ ಆಗಲೇ ಓದಿ ಹೇಳಿದ್ದರು. ಹೇಳಿದ್ದು ಕಿವಿಗೆ ಬಿದ್ದಿತ್ತು, ಕೈಗೆ ತಲುಪಿರಲಿಲ್ಲ.

ನಿಜ ಹೇಳುತ್ತೇನೆ, ಆಗ ಒಂದು ಯೋಚನೆ ಬಂತು. ಸುಮ್ಮನಿದ್ದರೆ ಸಾಕಲ್ಲ? ಶಬಾನಾ ಕೈಯಲ್ಲೂ ಬಿತ್ತು ಎಂದರೆ ನನ್ನ ಕೈ ಒರಟಲ್ಲ ಎಂದಾಯಿತು, ನನ್ನ ಜಾಗ ನನಗೆ. ಬಾಯಿಬಿಟ್ಟರೆ, ಸಹಿ ಹಾಕಿದ ನಿಯಮ ಇಷ್ಟು ವರ್ಷ ಮುರಿದವಳು ನಾನೇ ಎಂದಾಗುತ್ತದೆ. ಪ್ಯಾಕಿಂಗ್ ಅಲ್ಲ, ಮನೆಗೇ ಕಳಿಸಬಹುದು. ಶಬಾನಾ ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಸುಮ್ಮನಿದ್ದರೆ ಸೋಮವಾರ ಅವಳ ಕೈಯನ್ನು ಒರಟು ಅನ್ನುತ್ತಾರೆ, ಅಷ್ಟೇ. ಬೋರ್ಡಂತೂ ಬೀಳುತ್ತಲೇ ಇರುತ್ತದೆ.

ಎದ್ದು ಹೋಗಿ ಬಸವರಾಜುವನ್ನು ಕರೆದೆ.

"ಸಾರ್, ಒಂದ್ ತಪ್ಪು ಹೇಳ್ಬೇಕು. ನಾನು ವೈರು ಒಂದ್ಸಲ ಹಾಕಲ್ಲ. ಎರಡ್ ಸಲ ಹಾಕ್ತೀನಿ. ಹಳೇ ಅಭ್ಯಾಸ. ಆ ಹಾಳೆಗೆ ಸಹಿನೂ ಹಾಕಿದ್ದೆ."

ಅವರಿಗೆ ಅರ್ಥವಾಗಲಿಲ್ಲ. ಮೊಬೈಲಿನಲ್ಲಿ ವಿಡಿಯೋ ಹಿಡಿದು, "ಮಾಡ್ರಿ" ಅಂದರು. ಮಾಡಿದೆ. ವಿಡಿಯೋವನ್ನು ನಿಧಾನಕ್ಕೆ ಓಡಿಸಿ ಕಿವಿಗೆ ಹಿಡಿದುಕೊಂಡರು. ಟಕ್, ಟಕ್. ಇನ್ನೊಮ್ಮೆ ಕೇಳಿದರು. ಕಿವಿಯ ಹಿಂದಿನ ಪೆನ್ಸಿಲ್ಲು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ಜಯಕ್ಕ! ಹಾಕಿದ್ರಿ, ಅದು ಒಂದು ಕೆಲಸ ಶುರು ಮಾಡ್ತು. ಕೆಲಸ ಮುಗಿಯೋದ್ರೊಳಗೆ ಕಿತ್ರಿ, ಚೀಟಿ ಖಾಲಿ ಆತು. ಶುರುವಾದ ಕೆಲಸಕ್ಕೆ ಯಾರೂ ಹೇಳಲಿಲ್ಲ, ಅದು ಖಾಲಿ ಚೀಟಿ ಹಿಡ್ಕಂಡು ಹೊಂಟೇಬಿಡ್ತು! ಇಷ್ಟು ದಿನ ಹೇಳಬಾರದಿತ್ತೇನ್ರಿ?"

"ಇವಳಿಗೆ ಹೇಳಿಕೊಡೋವರ್ಗೂ ನನಗೇ ಗೊತ್ತಿರ್ಲಿಲ್ಲ ಸಾರ್."

ಯಂತ್ರದಲ್ಲಿ ಬೀಳದೆ ಇದ್ದದ್ದೂ ಅದಕ್ಕೇ. ಯಂತ್ರಕ್ಕೆ ಮುನಿಯಪ್ಪನವರು ಕೆಲಸ ಕಲಿಸಿರಲಿಲ್ಲ. ಅದು ಒಂದೇ ಸಲ ನೇರವಾಗಿ ಹಾಕಿ, ಬೇಕಾದಷ್ಟು ಹೊತ್ತು ಕಾದು, ಆಮೇಲೆ ಕೀಳುತ್ತಿತ್ತು.

ಪ್ರಸಾದ್ ಸಾರ್ ಬಂದು ವಿಡಿಯೋ ನೋಡಿದರು. ನನ್ನ ಕಡೆ ನೋಡಲಿಲ್ಲ. "ಹಾಗಾದ್ರೆ ಒಂದೇ ಸಲ ಹಾಕಿ ಅಂತ ಮ್ಯಾನ್ಯುವಲ್‌ನಲ್ಲಿ ದಪ್ಪಕ್ಷರದಲ್ಲಿ ಬರೆದ್ರೆ ಆಯ್ತಲ್ಲ" ಅಂದರು.

"ಸಾರ್, ಆಸ್ಪತ್ರೆಯೊಳಗೆ ಅವಸರದಾಗ ಹಾಕೋ ನರ್ಸ್ ಮ್ಯಾನ್ಯುವಲ್ ಓದಿ ಹಾಕ್ತಾರಾ?" ಎಂದರು ಬಸವರಾಜು.

ಪ್ರಸಾದ್ ಸಾರ್ ಎರಡು ಬೆರಳಿಟ್ಟು ನಿಂತರು. "ಸರಿ, ಫಿಕ್ಸ್ ಮಾಡಿ" ಎಂದು ಹೋದರು.

ಬಸವರಾಜು ಮಾಡಿದ್ದು ಬ್ಯಾಟರಿಗೆ ಮಾಡಿದ್ದೇ. ಚೀಟಿ ಖಾಲಿಯಾ ಎಂದು ಮೊದಲು ಕೇಳು, ಖಾಲಿಯಾದರೆ ಸುಮ್ಮನೆ ವಾಪಸ್ ಬಾ. ಎರಡು ಸಾಲು. ಊಟವಾಗುವ ಹೊತ್ತಿಗೆ ಹನ್ನೆರಡು ಬೋರ್ಡಿಗೂ ಹಾಕಿಯಾಯಿತು. ನಾನೂ ಶಬಾನಾಳೂ ಎರಡೆರಡು ಟಕ್ ಮಾಡಿ ಮಾಡಿ ಬೆರಳು ನೋಯಿಸಿಕೊಂಡೆವು. ಒಂದೂ ಬೀಳಲಿಲ್ಲ. ಯಾರೋ ಕ್ಯಾಂಟೀನಿನಿಂದ ಕೇಸರಿಬಾತ್ ತರಿಸಿದರು. ಎಲ್ಲರೂ ತಟ್ಟೆ ಹಿಡಿದು ನಿಂತಿದ್ದರು. ಬಸವರಾಜು ನನ್ನ ತಟ್ಟೆಗೆ ಇನ್ನೊಂದು ಚಮಚ ಹಾಕಿದರು.

ನನಗೆ ಬೆರಳಿನಿಂದ ಕ್ಲಿಪ್ಪು ತೆಗೆಯುವುದು ಮರೆತಿತ್ತು. ಕೇಸರಿಬಾತಿನ ಜಿಡ್ಡು ಅದಕ್ಕೆ ಹತ್ತೀತು ಎಂದು ತೆಗೆದು ಮೇಜಿನ ಮೇಲಿಟ್ಟೆ. ಪರದೆಯ ಮೇಲೆ ತೊಂಬತ್ತೆಂಟು ಎಂದಿತ್ತು. ಒಂದು ಚಮಚ ತಿಂದು ನೋಡಿದೆ. ತೊಂಬತ್ತೆಂಟು. ಕ್ಲಿಪ್ಪು ಬರಿ ಮೇಜಿನ ಮೇಲಿದೆ. ಇನ್ನೊಂದು ಚಮಚ ತಿಂದೆ. ತೊಂಬತ್ತೆಂಟೇ.

"ಸಾರ್, ಈ ಮೇಜಿಗೆ ಉಸಿರಾಟ ಚೆನ್ನಾಗೈತೆ ನೋಡಿ" ಅಂದೆ.

ಮೊದಲು ಎಲ್ಲರೂ ನಕ್ಕರು. ಆಮೇಲೆ ಪರದೆ ನೋಡಿದರು. ಬಸವರಾಜು ತಟ್ಟೆ ಕೆಳಗಿಟ್ಟರು. ಅವರ ಎರಡು ಸಾಲು ಹೇಳಿದ ಹಾಗೆ, ಖಾಲಿ ಚೀಟಿ ಕಂಡು ಆ ಕೆಲಸ ಸುಮ್ಮನೆ ವಾಪಸ್ ಹೋಗಿತ್ತು. ಹೋದದ್ದನ್ನು ಯಾರಿಗೂ ತಿಳಿಸಿರಲಿಲ್ಲ. ಎರಡನೇ ಟಕ್ಕಿಗೆ, ಕೆಲಸ ಆಗಲೇ ನಡೆಯುತ್ತಿದೆ ಎಂದು ಪೆಟ್ಟಿಗೆ ತಿಳಿದುಕೊಂಡಿತು. ಕ್ಲಿಪ್ಪನ್ನು ಓದುವವರು ಯಾರೂ ಇಲ್ಲದೆ, ಹಿಂದಿನ ಸಲದ ಸಂಖ್ಯೆಯನ್ನೇ ಹಿಡಿದುಕೊಂಡು ಕೂತಿತ್ತು.

ಮೇಜಿನ ಜಾಗದಲ್ಲಿ ಒಬ್ಬ ರೋಗಿ ಇದ್ದಿದ್ದರೆ ಎಂದು ಎಲ್ಲರಿಗೂ ಹೊಳೆದಿತ್ತು. ಪ್ರಸಾದ್ ಸಾರ್ ಬಂದು ಕ್ಲಿಪ್ಪನ್ನು ಎತ್ತಿ ನೋಡಿ, ಮೆಲ್ಲಗೆ ಕೆಳಗಿಟ್ಟರು.

"ಇದಕ್ಕಿಂತ ಬಿದ್ದಿದ್ದೇ ಒಳ್ಳೇದಿತ್ತು. ಬಿದ್ದಿದ್ರೆ ಯಾರಾದ್ರೂ ಓಡಿ ಬರ್ತಾ ಇದ್ರು."

ನನ್ನ ಹದಿನಾರು ವರ್ಷದಲ್ಲಿ ಕೇಳಿದ ಎಲ್ಲ ಮಾತುಗಳಲ್ಲಿ ಇದೊಂದನ್ನು ಮಾತ್ರ ಮರೆತಿಲ್ಲ. ಮಕ್ಕಳೇ, ಖಾಲಿ ಚೀಟಿ ಕಂಡಾಗ ವಾಪಸ್ ಬಾ ಎಂದು ಬರೆಯುವುದು ಸುಲಭ. ಚೀಟಿ ಯಾಕೆ ಖಾಲಿಯಾಯಿತು ಎಂದು ಕೇಳಬೇಕು. ಬ್ಯಾಟರಿ ಇಲ್ಲದೆಯೂ ಪೆಟ್ಟಿಗೆ ನಡೆಯಬಹುದು, ಅಲ್ಲಿ ಆ ಎರಡು ಸಾಲು ಸರಿ. ಇಲ್ಲಿ ಕ್ಲಿಪ್ಪು ಇದೆ, ಬೆರಳಿದೆ, ಚೀಟಿ ಮಾತ್ರ ಖಾಲಿ. ಇಲ್ಲಿ ಅದೇ ಎರಡು ಸಾಲು ಬಾಯಿ ಮುಚ್ಚಿಸಿದ ಹಾಗೆ.

ಸೋಮವಾರ ಬೆಳಗ್ಗೆ ಊಟದ ಡಬ್ಬಿ ಹಿಡಿದು ನೇರ ಪ್ಯಾಕಿಂಗ್ ಕಡೆ ನಡೆದೆ. ಹೇಳಿದ್ದನ್ನು ಯಾರೂ ವಾಪಸ್ ತೆಗೆದುಕೊಂಡಿರಲಿಲ್ಲವಲ್ಲ. ಪ್ರಸಾದ್ ಸಾರ್ ಗೇಟಿನ ಹತ್ತಿರ ಸಿಕ್ಕರು.

"ಎಲ್ಲಿಗೆ ಜಯಮ್ಮ?"

"ಪ್ಯಾಕಿಂಗ್‌ಗೆ ಸಾರ್. ನೀವೇ ಅಂದ್ರಲ್ಲ."

ಬೆರಳಿಡಲು ಅಲ್ಲಿ ಮೇಜಿರಲಿಲ್ಲ. "ಒರಟು ಅಂದಿದ್ದು ನನ್ನ ತಪ್ಪು. ಮೇಲೆ ಹೋಗಿ. ಶಬಾನಾನೂ ಅಲ್ಲೇ ಇರ್ಲಿ, ಇಬ್ರೂ ಬೇಕು" ಎಂದರು. ಮೆಟ್ಟಿಲು ಹತ್ತುವಾಗ ನನ್ನ ಮಂಡಿನೋವು ಎಲ್ಲಿ ಹೋಗಿತ್ತೋ!

ಸರಿಯಾದ ದುರಸ್ತಿಗೆ ಗುರುವಾರದವರೆಗೆ ಹಿಡಿಯಿತು. ವೈರು ಕಿತ್ತಾಗ ಮೊದಲು ಶುರುವಾದ ಕೆಲಸವನ್ನು ನಿಲ್ಲಿಸಬೇಕು, ಅದು ನಿಂತಿತು ಎಂದು ಗೊತ್ತಾಗುವವರೆಗೆ ಕಾಯಬೇಕು, ಆಮೇಲೆ ಚೀಟಿ ಖಾಲಿ ಮಾಡಬೇಕು. ಅಷ್ಟೇ. ಮೊದಲಿದ್ದದ್ದು ತಿರುಗುಮುರುಗಾಗಿತ್ತು. ಪೆಟ್ಟಿಗೆಗಳು ಸ್ವಲ್ಪ ತಡವಾಗಿ ಹೋದವು, ಆದರೆ ನೆಟ್ಟಗೆ ಹೋದವು. ಬಸವರಾಜು ನನ್ನ ಕೈಯ ಎರಡು ಟಕ್ಕುಗಳ ನಡುವಿನ ಹೊತ್ತನ್ನು ಅಳೆದು ಆ ಯಂತ್ರಕ್ಕೂ ಕಲಿಸಿದರು. ಗೋಡೆಯ ಇಂಗ್ಲಿಷ್ ಹಾಳೆ ಹೋಗಿ ಕನ್ನಡದ ಹಾಳೆ ಬಂತು. ಪ್ರಸಾದ್ ಸಾರ್ ನನ್ನಿಂದಲೇ ಬರೆಸಿದರು: "ನಿಮ್ಮ ಕೈಗೆ ಬಂದ ಹಾಗೆ ಹಾಕಿ. ಹೇಗೆ ಹಾಕಿದಿರಿ ಎಂದು ಬರೆಯಿರಿ."

ಆಮೇಲೆ ಕಾಲ ಬದಲಾಯಿತು. ಬಿಳಿ ಅಕ್ಷರಗಳನ್ನು ಬೋರ್ಡೇ ತಾನಾಗಿ ಉಳಿಸಿಡುವ ಹಾಗಾಯಿತು, ಲೋಟಗಳು ಕ್ಯಾಂಟೀನಿಗೆ ವಾಪಸ್ ಹೋದವು. ಒಂದು ಯಂತ್ರ ನಾಲ್ಕಾಯಿತು, ನನ್ನ ಕೆಲಸ ಯಂತ್ರಗಳನ್ನು ನೋಡಿಕೊಳ್ಳುವುದಾಯಿತು. ನನಗೇನೂ ಬೇಸರವಿರಲಿಲ್ಲ. ಅವು ಮಧ್ಯೆ ಮಧ್ಯೆ ಟಕ್ ಟಕ್ ಎಂದಾಗ ನನ್ನ ಕೈಯೇ ಅಲ್ಲಿದೆ ಅನ್ನಿಸುತ್ತಿತ್ತು. ನಿವೃತ್ತಿಯ ದಿನ ನನ್ನ ಲೋಟವನ್ನು ತೊಳೆದು ಮನೆಗೆ ತಂದು ಗೋಡೆಯ ಗೂಡಿನಲ್ಲಿಟ್ಟೆ.

ಇಷ್ಟಕ್ಕೇ ನಿಲ್ಲಿಸೋಣ ಎಂದಿದ್ದೆ. ಆದರೆ ನಿನ್ನೆ ಒಂದು ನಡೆಯಿತು.

ಚೈತ್ರ ದಿನವೂ ಮಾದಾವರದಲ್ಲಿ ಮೆಟ್ರೋ ಹತ್ತಿ, ನಡುವೆ ರೈಲು ಬದಲಿಸಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಾಳೆ. ಬಂದ ಕೂಡಲೇ ಅವಳ ಮಾತು ಕೇಳಲು ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿರುತ್ತೇನೆ. ನಿನ್ನೆ ಚಪ್ಪಲಿ ಬಿಟ್ಟು ನೇರ ಒಳಗೆ ಹೋದಳು. ಕಾಫಿ ಕೊಟ್ಟೆ, ಕುಡಿಯಲಿಲ್ಲ.

"ಏನಾಯ್ತೇ?"

"ನನ್ನಿಂದ ಒಂದು ಬಿತ್ತಜ್ಜಿ. ಒಂದು ಹೆಜ್ಜೆ ತಪ್ಪಾಗಿ ಮಾಡ್ಬಿಟ್ಟೆ. ಯಾರೂ ನೋಡ್ಲಿಲ್ಲ. ಆಫ್ ಮಾಡಿ ಆನ್ ಮಾಡ್ದೆ, ಸರಿಹೋಯ್ತು."

"ಯಾರಿಗಾದ್ರೂ ಹೇಳಿದ್ಯಾ?"

"ಸೇರಿ ವಾರನೂ ಆಗಿಲ್ಲ ಅಜ್ಜಿ. ಏನಂತ ಹೇಳ್ಲಿ? ಇವಳಿಗೆ ಏನೂ ಬರಲ್ಲ ಅಂದ್ಕೊಳ್ಳಲ್ವಾ?"

ನಾನು ಬುದ್ಧಿ ಹೇಳಲಿಲ್ಲ. ಬರೆದಿಟ್ಟಿದ್ದ ಈ ಹಾಳೆಗಳನ್ನು ಅವಳ ಮುಂದಿಟ್ಟೆ. ಕಾಗುಣಿತ ತಿದ್ದಲು ಪೆನ್ನು ಹಿಡಿದು ಕೂತವಳು, ಶಬಾನಾ ಬರುವ ಕಡೆ ಪೆನ್ನು ಕೆಳಗಿಟ್ಟಳು. ಮುಗಿಸಿ, ಆರಿದ ಕಾಫಿಯನ್ನೇ ಕುಡಿದು ಎದ್ದು ಹೋದಳು.

ಇವತ್ತು ಬೆಳಗ್ಗೆ ಊಟದ ಡಬ್ಬಿ ಬ್ಯಾಗಿಗೆ ಹಾಕುತ್ತ, "ಅಜ್ಜಿ, ಲೋಟ ಕೊಡು" ಎಂದಳು.

"ಡಬ್ಬಿ ಜೊತೆಗೇ ಇದೆಯಲ್ಲೇ."

"ಆ ಲೋಟ ಅಲ್ಲ. ನಿಂದು. ಬೋರ್ಡು ತಾನೇ ಎಲ್ಲ ಉಳಿಸಿಡುತ್ತೆ, ಗೊತ್ತು. ನಾನು ಏನು ಮಾಡ್ದೆ ಅನ್ನೋದನ್ನ ಅದು ಉಳಿಸಿಡಲ್ಲ ಅಲ್ವಾ. ಹೋದ ಕೂಡಲೇ ಹೇಳ್ತೀನಿ."

ಕೊಟ್ಟೆ. ಮೆಟ್ಟಿಲಿಳಿದು ಗೇಟು ದಾಟುವವರೆಗೂ ಬ್ಯಾಗಿನೊಳಗೆ ಡಬ್ಬಿಗೆ ಲೋಟ ತಾಗುವ ಸದ್ದು ಕೇಳುತ್ತಿತ್ತು. ಹಾಲಿನವನು ಆಗತಾನೆ ಬಂದ. ಅವನಿಗೆ ಇದನ್ನೂ ಹೇಳಿದೆ.

ಗೂಡಿನಲ್ಲಿ ಲೋಟವಿದ್ದ ಜಾಗ ಈಗ ಖಾಲಿ. ಅಲ್ಲಿ ಬೇರೇನೂ ಇಡಕೂಡದು ಎಂದು ಮನೆಯವರಿಗೆಲ್ಲ ಹೇಳಿದ್ದೇನೆ.